ದತ್ತಕ, ದೇವರು ಮತ್ತು ಹೆತ್ತವಳ ಹೆಸರು

ಮೊರಬದಿಂದ ನವಲಗುಂದ ದಾಟಿ ಮುಂದೆ ಹೋದರೆ ನರಗುಂದದ ಗುಡ್ಡ. ಅಲ್ಲಿನ ಬಾಬಾಸಾಹೇಬ 1858ರಲ್ಲಿ ಬ್ರಿಟಿಷರ ಮೇಲೆ ತಿರುಗಿಬೀಳಲು ದೊಡ್ಡ ಕಾರಣ, ದತ್ತಕಕ್ಕೆ ಸರಕಾರ ಒಪ್ಪಿಗೆ ಕೊಡದೆ ಹೋದದ್ದು. ಅದಕ್ಕೂ ಮೊದಲು, 1824ರಲ್ಲಿ, ಶಿವಲಿಂಗಪ್ಪನ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆ ಒಪ್ಪದಿದ್ದಾಗ ಕಿತ್ತೂರ ಚನ್ನಮ್ಮ ಯುದ್ಧಕ್ಕೇ ನಿಂತಳು. ಈ ಎರೆ ಸೀಮೆಯಲ್ಲಿ ದತ್ತಕಕ್ಕಾಗಿ ಸಂಸ್ಥಾನಗಳೇ ಉರುಳಿವೆ.

ಹಳ್ಳಿಯ ದತ್ತಕಕ್ಕೆ ಅದರದೇ ಆದ ರೀತಿ ಇತ್ತು. ಮಕ್ಕಳಿಲ್ಲದವರು ಅಣ್ಣತಮ್ಮಂದಿರ ಮಗನನ್ನೋ ಮಗಳ ಮಗನನ್ನೋ ತಂದುಕೊಳ್ಳುತ್ತಿದ್ದರು. ಹೊಲ ಉಳಿಯಬೇಕು, ಮನೆತನದ ಹೆಸರು ನಡೆಯಬೇಕು, ಸತ್ತ ಮೇಲೆ ಕ್ರಿಯೆ ಮಾಡಲು ಒಬ್ಬ ಇರಬೇಕು. ಹುಡುಗನಿಗೆ ತನ್ನ ಹೆತ್ತವ್ವ ಯಾರೆಂಬುದು ಗೊತ್ತು, ಊರಿಗೂ ಗೊತ್ತು. ಜಾತ್ರೆಗೆ ಆ ಮನೆ, ಹಬ್ಬಕ್ಕೆ ಈ ಮನೆ. ಮುಚ್ಚಿಡುವುದಕ್ಕೆ ಏನೂ ಇರಲಿಲ್ಲ. ಆದರೆ ಬೀದಿಯಲ್ಲಿ ಸಿಕ್ಕ ಕೂಸಿಗೆ, ಜಾತಿ ಗೊತ್ತಿಲ್ಲದ ಮಗುವಿಗೆ ಆ ದತ್ತಕದಲ್ಲಿ ಜಾಗವೂ ಇರಲಿಲ್ಲ.

ಆ ಜಾಗವನ್ನು ಕ್ರೈಸ್ತರು ಬೇರೆ ದಾರಿಯಿಂದ ತೆರೆದರು. ಅನಾಥರನ್ನೂ ವಿಧವೆಯರನ್ನೂ ನೋಡಿಕೊಳ್ಳುವುದೇ ನಿಜವಾದ ಭಕ್ತಿ ಎಂದು ಯಾಕೋಬನ ಪತ್ರ ಹೇಳುತ್ತದೆ. ನಂಬಿದವರೆಲ್ಲ ದೇವರಿಗೆ ದತ್ತುಮಕ್ಕಳು ಎಂಬ ಮಾತನ್ನು ಪೌಲ ತನ್ನ ಪತ್ರಗಳಲ್ಲಿ ಮತ್ತೆಮತ್ತೆ ಎತ್ತುತ್ತಾನೆ. ಅಲ್ಲಿ ವಂಶದ ಪ್ರಶ್ನೆ ಬರುವುದಿಲ್ಲ, ಹೊಲದ ಪ್ರಶ್ನೆಯೂ ಬರುವುದಿಲ್ಲ. 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ ಬಂದ ಬಾಸೆಲ್ ಮಿಷನ್ ಈ ನಂಬಿಕೆಯನ್ನು ಹೊತ್ತೇ ಬಂದಿತ್ತು. 1876-78ರ ಬರದಲ್ಲಿ ದಿಕ್ಕಿಲ್ಲದಾದ ಎಷ್ಟೋ ಮಕ್ಕಳಿಗೆ ಮಿಷನ್ನಿನ ಅನಾಥಾಲಯಗಳೇ ಮನೆಯಾದವು.

ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಇಲ್ಲಿನ ಮಕ್ಕಳನ್ನು ಸಾಕುತ್ತಿದ್ದ ಅದೇ ಮಿಷನರಿಗಳು ತಮ್ಮ ಮಕ್ಕಳನ್ನು ಚಿಕ್ಕ ವಯಸ್ಸಿನಲ್ಲೇ ಹಡಗು ಹತ್ತಿಸಿ ಯುರೋಪಿಗೆ ಕಳಿಸುತ್ತಿದ್ದರು. 1853ರಲ್ಲಿ ಬಾಸೆಲ್‌ನಲ್ಲಿ ಅವರಿಗಾಗಿ ಮಕ್ಕಳ ಮನೆಯೇ ಆರಂಭವಾಯಿತು. ಅಂಥ ಮಿಷನರಿ ಹರ್ಮನ್ ಗುಂಡರ್ಟರ ಮಗಳು ಮರೀ ಹುಟ್ಟಿದ್ದು 1842ರಲ್ಲಿ ತಲಶ್ಶೇರಿಯಲ್ಲಿ, ಬೆಳೆದದ್ದು ತಂದೆತಾಯಿಯಿಂದ ದೂರ ಯುರೋಪಿನಲ್ಲಿ. ಕಾದಂಬರಿಕಾರ ಹರ್ಮನ್ ಹೆಸ್ಸೆ ಆಕೆಯ ಮಗ. ಅಪ್ಪ ಅವ್ವ ಬದುಕಿದ್ದೂ ಅವರಿಂದ ದೂರ ಬೆಳೆಯುವ ನೋವು ಮಿಷನ್ ಮನೆತನಗಳ ಒಳಗೇ ಇತ್ತು.

ಅದೇ ಬಾಸೆಲ್ ಮಿಷನ್ನಿನ ನೆಲೆಯಿಂದ ಕರ್ನಾಟಕದ ಒಂದು ಕೂಸು ಸ್ವಿಟ್ಜರ್ಲೆಂಡಿನ ಸಂಸತ್ತಿನವರೆಗೆ ಹೋಯಿತು. ನಿಕ್ಲಾಸ್-ಸಾಮುಯೆಲ್ ಗುಗ್ಗರ್ ಹುಟ್ಟಿದ್ದು 1970ರ ಮೇ 1ರಂದು, ಉಡುಪಿಯ ಲೊಂಬಾರ್ಡ್ ಸ್ಮಾರಕ ಆಸ್ಪತ್ರೆಯಲ್ಲಿ. ಊರವರು ಮಿಷನ್ ಆಸ್ಪತ್ರೆ ಎಂದೇ ಕರೆಯುವ ಅದನ್ನು 1923ರಲ್ಲಿ ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ ಕಟ್ಟಿದ್ದರು. ಮಗುವನ್ನು ಚೆನ್ನಾಗಿ ಸಾಕಬಲ್ಲ ದಂಪತಿಗೆ ಕೊಡಿ ಎಂದು ಹೆತ್ತ ತಾಯಿ ವೈದ್ಯರನ್ನು ಬೇಡಿಕೊಂಡಳು. ಸ್ವಿಸ್ ದಂಪತಿಯೊಬ್ಬರು ಎಳೆಗೂಸನ್ನು ಮಡಿಲಿಗೆ ತೆಗೆದುಕೊಂಡರು. ಮೊದಲ ನಾಲ್ಕು ವರ್ಷ ಹುಡುಗ ಬೆಳೆದದ್ದು ಗುಂಡರ್ಟರ ಅದೇ ತಲಶ್ಶೇರಿಯಲ್ಲಿ. ಆಮೇಲೆ ಕುಟುಂಬ ಸ್ವಿಟ್ಜರ್ಲೆಂಡಿಗೆ ಮರಳಿತು.

ಸಾಕಿದವರು ಸಿರಿವಂತರಲ್ಲ. ಗುಗ್ಗರ್ ಟ್ರಕ್ ಓಡಿಸಿ, ತೋಟದ ಕೆಲಸ ಮಾಡಿ ಓದಿದರು. 2017ರಲ್ಲಿ ಇವಾಂಜೆಲಿಕಲ್ ಪೀಪಲ್ಸ್ ಪಾರ್ಟಿಯಿಂದ, ಅಂದರೆ ಕ್ರೈಸ್ತ ನಂಬಿಕೆಯನ್ನೇ ಆಧಾರ ಮಾಡಿಕೊಂಡ ಪಕ್ಷದಿಂದ, ಸ್ವಿಸ್ ಸಂಸತ್ತಿನ ರಾಷ್ಟ್ರೀಯ ಮಂಡಳಿಯ ಸದಸ್ಯರಾದರು. ಅಲ್ಲಿ ಕುಳಿತ ಮೊದಲ ಭಾರತೀಯ ಮೂಲದವರು ಅವರು. ಆದರೆ ಅವರ ಬಾಳಿನಲ್ಲಿ ಇದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ತಾವು ಎಂದೂ ಕಾಣದ ಹೆತ್ತ ತಾಯಿಯ ಹೆಸರನ್ನು ಅವರು ತಮ್ಮ ಮಗಳಿಗೆ ಇಟ್ಟಿದ್ದಾರೆ. ಹಾಗೆ ಇಡಬೇಕಾದರೆ ಆ ಹೆಸರು ಮೊದಲು ಅವರಿಗೆ ತಿಳಿದಿರಬೇಕಲ್ಲವೆ?

ಎಷ್ಟೋ ಜನರಿಗೆ ಆ ಹೆಸರೇ ತಿಳಿದಿಲ್ಲ. 1979ರಿಂದ 2002ರವರೆಗೆ ಭಾರತದಿಂದ ಸ್ವಿಟ್ಜರ್ಲೆಂಡಿಗೆ 2,278 ಮಕ್ಕಳು ದತ್ತು ಹೋದರು. ಈ ದತ್ತುಗಳ ಬಗ್ಗೆ ಜ್ಯೂರಿಕ್ ಮತ್ತು ತುರ್ಗಾವ್ ಪ್ರಾಂತಗಳು ಮಾಡಿಸಿದ ಸಂಶೋಧನೆ 2024ರಲ್ಲಿ ಹೊರಬಂತು. ಸಂಶೋಧಕರು ಹಳೆಯ ಕಡತ ಬಿಚ್ಚಿ ನೋಡಿದರೆ, ಸ್ವಿಸ್ ಕಾನೂನು ಕೇಳುವ ಹೆತ್ತವರ ಒಪ್ಪಿಗೆ ಪತ್ರವೇ ಅದರಲ್ಲಿ ಇರಲಿಲ್ಲ. 2025ರ ಜನವರಿಯಲ್ಲಿ ಅಲ್ಲಿನ ಸರಕಾರ ಹೊರದೇಶದ ದತ್ತುವನ್ನೇ ನಿಲ್ಲಿಸುವ ಇರಾದೆ ಪ್ರಕಟಿಸಿತು.

ಹಾಗೆಂದು ಮಕ್ಕಳನ್ನು ಕರೆದೊಯ್ದವರೆಲ್ಲರ ಮನಸ್ಸು ಕೆಟ್ಟದ್ದಾಗಿರಲಿಲ್ಲ. ಅಮೆರಿಕದ ಒರೆಗಾನ್ ರಾಜ್ಯದ ರೈತ ಹ್ಯಾರಿ ಹೋಲ್ಟ್ ಮತ್ತು ಹೆಂಡತಿ ಬರ್ತಾ ಅವರಿಗೆ ಆಗಲೇ ಆರು ಮಕ್ಕಳಿದ್ದರು. ಕೊರಿಯಾ ಯುದ್ಧದ ಅನಾಥ ಮಕ್ಕಳ ಚಿತ್ರ ನೋಡಿ, ಇದು ದೇವರ ಕರೆ ಎಂದು ನಂಬಿ, 1955ರಲ್ಲಿ ಎಂಟು ಮಕ್ಕಳನ್ನು ತಂದುಕೊಂಡರು. ಅದಕ್ಕೆ ಅಮೆರಿಕದ ಸಂಸತ್ತು ವಿಶೇಷ ಕಾಯಿದೆ ಮಾಡಬೇಕಾಯಿತು. ಅವರು ಕಟ್ಟಿದ ಹೋಲ್ಟ್ ಸಂಸ್ಥೆ ಮುಂದೆ ಬೆಂಗಳೂರಿನ ವಾತ್ಸಲ್ಯ ಚಾರಿಟಬಲ್ ಟ್ರಸ್ಟ್ ಜೊತೆ ಕೈಜೋಡಿಸಿತು, ಕರ್ನಾಟಕದ ಮಕ್ಕಳೂ ಅಮೆರಿಕದ ಮನೆ ಸೇರಿದರು.

ಮನೆ ಸೇರಿದ ಮೇಲೆ ಶುರುವಾಗುವುದು ಬೇರೆಯೇ ಬದುಕು. ಬಾಲಮಂದಿರದಲ್ಲಿ ಸಾಲಾಗಿ ಹತ್ತು ಮಕ್ಕಳ ನಡುವೆ ಮಲಗಿ ಅಭ್ಯಾಸವಾದ ಮಗುವಿಗೆ ಒಂಟಿ ಕೋಣೆಯೇ ದಿಗಿಲು. ನಾಳೆ ಸಿಗುತ್ತದೋ ಇಲ್ಲವೋ ಎಂದು ಬ್ರೆಡ್ಡಿನ ಚೂರನ್ನು ದಿಂಬಿನ ಕೆಳಗೆ ಬಚ್ಚಿಡುವ ಮಕ್ಕಳಿದ್ದಾರೆ. ಊಟಕ್ಕೆ ಮೊದಲು ಎಲ್ಲರೂ ಕಣ್ಣು ಮುಚ್ಚಿದರೆ, ಯಾಕೆಂದು ತಿಳಿಯದೆ ಬಿಟ್ಟ ಕಣ್ಣು ಬಿಟ್ಟಂತೆ ಕೂರುತ್ತವೆ. ಕೆಲವೇ ತಿಂಗಳಲ್ಲಿ ಕನ್ನಡ ನಾಲಿಗೆಯಿಂದ ಜಾರಿಹೋಗುತ್ತದೆ, ಹೊಸ ಭಾಷೆ ಇನ್ನೂ ಪೂರ್ತಿ ಬಂದಿರುವುದಿಲ್ಲ. ಆ ನಡುವಿನ ದಿನಗಳಲ್ಲಿ ಮಗುವಿನ ಅಳುವಿಗೆ ಮಾತೇ ಇರುವುದಿಲ್ಲ.

ನಂಬಿಕೆ ಇಂಥ ಹೊತ್ತಿನಲ್ಲಿ ಆಸರೆಯಾಗುತ್ತದೆ. ರಾತ್ರಿಯೆಲ್ಲ ಚೀರುವ ಮಗುವನ್ನು ಹೆಗಲಿಗೆ ಹಾಕಿಕೊಂಡು ತಿಂಗಳುಗಟ್ಟಲೆ ಓಡಾಡುವ ತಾಳ್ಮೆ, ಮಕ್ಕಳ ಬಟ್ಟೆ ಊಟ ಹೊತ್ತು ಬಾಗಿಲಿಗೆ ಬರುವ ಚರ್ಚಿನ ಬಳಗ, ಇವೆಲ್ಲ ಸಣ್ಣ ಮಾತಲ್ಲ. ಆದರೆ ಅದೇ ನಂಬಿಕೆ ಭಾರವೂ ಆಗಬಹುದು. 'ದೇವರು ನಿನ್ನನ್ನು ಪಾರುಮಾಡಿ ನಮ್ಮ ಮನೆಗೆ ತಂದ' ಎಂದು ದಿನಾ ಕೇಳುತ್ತ ಬೆಳೆದ ಹುಡುಗಿ, ನನ್ನ ಅವ್ವ ಯಾರು ಎಂದು ಕೇಳಿದರೆ ಸಾಕಿದವರಿಗೆ ನೋವಾದೀತೆಂದು ಬಾಯಿ ಮುಚ್ಚಿಕೊಳ್ಳುತ್ತಾಳೆ. ಅವಳಿಗೆ ಮೋಶೆಯ ಕಥೆ ಹೇಳಬೇಕು. ಫರೋಹನ ಮಗಳು ಸಾಕಿದ ಆ ಮಗುವಿಗೆ ಹಾಲೂಡಿಸಿದ್ದು ಹೆತ್ತ ತಾಯಿಯೇ. ಅರಮನೆಯಲ್ಲಿ ಬೆಳೆದರೂ ತನ್ನ ಜನ ಯಾರೆಂಬುದು ಅವನಿಗೆ ತಿಳಿದಿತ್ತು. ಸಾಕುತಾಯಿ ಮತ್ತು ಹೆತ್ತತಾಯಿ, ಇಬ್ಬರಿಗೂ ಬೈಬಲ್ಲಿನಲ್ಲೇ ಜಾಗವಿದೆ.

ಇನ್ನು ನಮ್ಮ ಕಾನೂನಿನ ಸಂಗತಿ. ಹಿಂದೂಗಳಿಗೆ 1956ರಲ್ಲೇ ದತ್ತಕ ಕಾಯಿದೆ ಬಂತು. ಹುಬ್ಬಳ್ಳಿಯ ಕ್ರೈಸ್ತ ದಂಪತಿಗೆ ಅದು ಸಿಗಲಿಲ್ಲ. 1890ರ ಕಾಯಿದೆಯಡಿ ಅವರು ಬರೀ ಪೋಷಕರಾಗಬಹುದಿತ್ತು, ಅದೂ ಮಗು ವಯಸ್ಸಿಗೆ ಬರುವವರೆಗೆ. ಅನಾಥ ಮಕ್ಕಳಿಗಾಗಿ ಇಷ್ಟು ದುಡಿದ ಸಮುದಾಯ ಮಗುವನ್ನು ಕಾನೂನಿನ ಕಣ್ಣಲ್ಲಿ ತನ್ನದೆನ್ನಲು, ಬಾಲನ್ಯಾಯ ಕಾಯಿದೆಗೆ 2006ರ ತಿದ್ದುಪಡಿ ಆಗುವವರೆಗೆ ಕಾಯಬೇಕಾಯಿತು. ಇದು ದೊಡ್ಡ ಅನ್ಯಾಯವೇ. ಹೊರದೇಶದವರಿಗೂ ಹಿಂದೆ ಪೋಷಕತ್ವದ ಆದೇಶವಷ್ಟೇ ಸಿಗುತ್ತಿತ್ತು, ದತ್ತು ಆಗುತ್ತಿದ್ದದ್ದು ಅವರ ದೇಶದಲ್ಲಿ. ಲಕ್ಷ್ಮೀಕಾಂತ ಪಾಂಡೆ ಎಂಬ ವಕೀಲರು ಬರೆದ ಪತ್ರವನ್ನೇ ಅರ್ಜಿಯಾಗಿ ತೆಗೆದುಕೊಂಡು 1984ರಲ್ಲಿ ಸುಪ್ರೀಂ ಕೋರ್ಟ್ ಲಗಾಮು ಹಾಕಿತು. ಮೊದಲು ದೇಶದೊಳಗೆ ಮನೆ ಹುಡುಕಿ, ಸಿಗದಿದ್ದರೆ ಮಾತ್ರ ಹೊರಗೆ ಕಳಿಸಿ ಎಂದಿತು. 2003ರಲ್ಲಿ ಭಾರತ ಹೊರದೇಶದ ದತ್ತು ಕುರಿತ ಹೇಗ್ ಒಪ್ಪಂದಕ್ಕೂ ಸೇರಿತು. 2024-25ರಲ್ಲಿ ದೇಶದಲ್ಲಿ ಆದ 4,515 ದತ್ತುಗಳಲ್ಲಿ 4,155 ದೇಶದೊಳಗಿನವೇ.

ಇಂದು ನವಲಗುಂದ ತಾಲ್ಲೂಕಿನಲ್ಲಿ ಒಂದು ಕೂಸು ಸಿಕ್ಕರೆ ಅದು ಹೋಗುವುದು ಧಾರವಾಡದ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ. ಫೋಟೊ, ವಿವರ ಪತ್ರಿಕೆಯಲ್ಲಿ ಬರುತ್ತದೆ. ಎರಡು ವರ್ಷದೊಳಗಿನ ಮಗುವಾದರೆ ಎರಡು ತಿಂಗಳು, ದೊಡ್ಡದಾದರೆ ನಾಲ್ಕು ತಿಂಗಳು ಹೆತ್ತವರಿಗಾಗಿ ಕಾಯುತ್ತಾರೆ. ತಾಯಿ ತಾನೇ ಬಂದು ಒಪ್ಪಿಸಿದರೆ ಸಮಿತಿಯ ಮುಂದೆ ಸಹಿ, ಮನಸ್ಸು ಬದಲಿಸಲು ಎರಡು ತಿಂಗಳು. ದತ್ತು ಆದೇಶಕ್ಕೆ 2022ರಿಂದ ಕೋರ್ಟಿನ ಬದಲು ಜಿಲ್ಲಾಧಿಕಾರಿಯ ಸಹಿ. ಮಗು ಹೊರದೇಶಕ್ಕೆ ಹೋದರೆ ಮೊದಲ ವರ್ಷ ಮೂರು ತಿಂಗಳಿಗೊಮ್ಮೆ, ಎರಡನೆಯ ವರ್ಷ ಆರು ತಿಂಗಳಿಗೊಮ್ಮೆ ವರದಿ ಬರಬೇಕು.

ಹದಿನೆಂಟು ತುಂಬಿದ ಮೇಲೆ ಆ ಮಗು ತನ್ನ ಮೂಲ ಹುಡುಕಲು ತಾನೇ ಅರ್ಜಿ ಹಾಕಬಹುದು. ಹೆತ್ತವಳ ಗುಟ್ಟನ್ನು ಕಾಯುವ ಹಕ್ಕೂ ಕಾನೂನಿನಲ್ಲಿದೆ, ಕಾಯಲೇಬೇಕು. ಆದರೆ ಮಗು ಸಿಕ್ಕ ಜಾಗ, ದಿನ, ಆಗ ಮೈಮೇಲಿದ್ದ ಬಟ್ಟೆ, ಪತ್ರಿಕೆಯ ಆ ತುಣುಕು, ಇಷ್ಟನ್ನಾದರೂ ಗೆದ್ದಲಿಗೆ ಬಿಡದೆ ಜೋಪಾನ ಮಾಡುವುದು ನಮ್ಮ ಜಿಲ್ಲೆಗಳ ಬಾಲಮಂದಿರಗಳ, ಮಿಷನ್ ಆಸ್ಪತ್ರೆಗಳ, ದತ್ತು ಕೇಂದ್ರಗಳ ಹೊಣೆ. ಎಪ್ಪತ್ತು ಎಂಬತ್ತರ ದಶಕದ ಕಡತಗಳು ಇನ್ನೂ ಎಲ್ಲಿಯಾದರೂ ಉಳಿದಿದ್ದರೆ ಅವನ್ನು ಈಗಲೇ ಸ್ಕ್ಯಾನ್ ಮಾಡಿಸಬೇಕು. ಆಗ ದತ್ತು ಹೋದವರಿಗೆ ಈಗ ನಲವತ್ತು ಐವತ್ತರ ವಯಸ್ಸು, ಅವರನ್ನು ಹೆತ್ತ ತಾಯಂದಿರಿಗೆ ಅರವತ್ತು ಎಪ್ಪತ್ತು.