ಆಡಿಟ್ ಎಂದರೆ ಕಿವಿಯ ಕೆಲಸ



ಸಂಘದ ಆಡಿಟ್ ಬಂತೆಂದರೆ ಸಾಕು, ಪ್ರತಿನಿಧಿಗಳಿಗೆ ಎದೆ ಡವಡವ. ಉಳಿದವರದು ಒಂದೇ ಮಾತು: "ಅದೆಲ್ಲ ಓದಿದವರ ಕೆಲಸ, ನಮಗೇನು ಗೊತ್ತಾಗ್ತದೆ?" ಈ ಪದ ಎಲ್ಲಿಂದ ಬಂತು ಅಂತ ತಿಳಿದರೆ ಹಾಗೆ ಹೇಳಲಿಕ್ಕಿಲ್ಲ.

ಆಡಿಟ್ ಎಂಬುದು ಲ್ಯಾಟಿನ್ ಭಾಷೆಯ 'ಔದೀರೆ' ಎಂಬ ಪದದಿಂದ ಹುಟ್ಟಿದ್ದು. ಅದರ ಅರ್ಥ ಕಿವಿಯಿಂದ ಕೇಳಿಸಿಕೊಳ್ಳುವುದು. ಹಿಂದೆ ಇಂಗ್ಲೆಂಡಿನಲ್ಲಿ ಓದುಬರಹ ಬಲ್ಲವರು ಕಡಿಮೆ. ದೊಡ್ಡ ಜಮೀನುಗಳ ಲೆಕ್ಕವನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಎದುರಿಗೆ ಕೂತು, ಕೇಳಿ, ತಪ್ಪು ಹಿಡಿಯುವವನೇ ಆಡಿಟರ್.

ಆಡಿಯೋ, ಆಡಿಟೋರಿಯಂ, ಹಾಡುಗಾರರನ್ನು ಆರಿಸುವ ಆಡಿಷನ್ – ಇವೆಲ್ಲ ಅದೇ ಬೇರಿನ ಚಿಗುರುಗಳು. ಫ್ರೆಂಚ್ ಭಾಷೆಯಲ್ಲಿ ರೇಡಿಯೋ ಕೇಳುವವರಿಗೂ ಆಡಿಟರ್ ಎಂಬುದರ ಜೋಡಿ ಪದವನ್ನೇ ಬಳಸುತ್ತಾರೆ. ಸ್ಪ್ಯಾನಿಷ್‌ನಲ್ಲಿ 'ಔದಿಯೆನ್ಸಿಯಾ' ಎಂದರೆ ಕೋರ್ಟಿನ ವಿಚಾರಣೆಯೂ ಹೌದು. ಅಲ್ಲೂ ನ್ಯಾಯಾಧೀಶರು ಮೊದಲು ಮಾಡುವುದು ಕೇಳುವ ಕೆಲಸ ತಾನೇ?

ನಮ್ಮ ದೇಶದಲ್ಲೂ ಇಂಥದ್ದು ನಡೆದಿದೆ. 1994ರಲ್ಲಿ ರಾಜಸ್ಥಾನದಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆಯವರು 'ಜನ ಸುನ್ವಾಯಿ' ಆರಂಭಿಸಿದರು. ಹಿಂದಿಯ ಸುನ್ವಾಯಿ ಎಂದರೂ ಕೇಳುವುದೇ. ಕಾಮಗಾರಿಯ ಬಿಲ್ಲು, ಕೂಲಿಯ ಹಾಜರಿ ಪಟ್ಟಿಗಳನ್ನು ಊರಿನವರ ಮುಂದೆ ಓದಿದರು. ಕೆಲಸಕ್ಕೇ ಹೋಗದವರ ಹೆಸರಲ್ಲಿ ಕೂಲಿ ಬರೆದದ್ದು ಅಲ್ಲೇ ಹೊರಬಿತ್ತು. ಅದನ್ನು ಹಿಡಿದವರಲ್ಲಿ ಅಕ್ಷರ ಬಾರದವರೂ ಇದ್ದರು. 2005ರ ಮಾಹಿತಿ ಹಕ್ಕು ಕಾಯ್ದೆಗೆ ಈ ಹೋರಾಟವೂ ಒಂದು ಬುನಾದಿ.

ಇನ್ನು ನಮ್ಮ ಕನ್ನಡ ನೋಡಿ. ನಮ್ಮ 'ಕೇಳು' ಎಂಬ ಪದಕ್ಕೆ ಎರಡು ಅರ್ಥ: ಕಿವಿಗೊಡು ಅಂತಲೂ ಹೌದು, ಪ್ರಶ್ನೆ ಹಾಕು ಅಂತಲೂ ಹೌದು. ತಮಿಳಿನ 'ಕೇಳ್' ಕೂಡ ಹಾಗೆಯೇ. ಲ್ಯಾಟಿನ್‌ನಲ್ಲಿ ಇವೆರಡಕ್ಕೆ ಬೇರೆ ಬೇರೆ ಪದ ಬೇಕು. "ಲೆಕ್ಕ ಕೇಳಿ" ಎಂದಾಗ ಆಡಿಟ್‌ನ ಪೂರ್ತಿ ಅರ್ಥ ನಮ್ಮ ಒಂದೇ ಪದದಲ್ಲಿ ಬಂತು.

ಹಾಗಾದರೆ ಪ್ರತಿ ಸಭೆಯಲ್ಲೂ ಏನು ಮಾಡೋಣ? ಪುಸ್ತಕ ಮುಚ್ಚುವ ಮೊದಲು ಆ ದಿನದ ಲೆಕ್ಕವನ್ನು ಗಟ್ಟಿಯಾಗಿ ಓದಿಸೋಣ. ಉದಾಹರಣೆಗೆ: ಕೈಯಲ್ಲಿದ್ದ ನಗದು 1,200 ರೂಪಾಯಿ. 20 ಸದಸ್ಯರ ಉಳಿತಾಯ ತಲಾ 50ರಂತೆ 1,000. ಸಾಲದ ಕಂತು ಮತ್ತು ಬಡ್ಡಿ 2,300. ಒಟ್ಟು 4,500. ಹೊಸ ಸಾಲ ಕೊಟ್ಟದ್ದು 3,000, ಬ್ಯಾಂಕಿಗೆ ಕಟ್ಟಲು ತೆಗೆದಿಟ್ಟದ್ದು 1,300. ಉಳಿದದ್ದು 200. ಪೆಟ್ಟಿಗೆಯ ಹಣವನ್ನು ಎಲ್ಲರೆದುರು ಎಣಿಸಿ. 200 ಇದೆಯಾ? ಇಲ್ಲವಾದರೆ ಅಲ್ಲೇ ಕೇಳಿ. ಬ್ಯಾಂಕಿಗೆ ಕಟ್ಟಿದ 1,300 ಪಾಸ್ ಪುಸ್ತಕದಲ್ಲಿ ಬಂತಾ ಅಂತ ಮುಂದಿನ ಸಭೆಯಲ್ಲಿ ಓದಿಸಿ. ನಿಮ್ಮ ಹೆಸರಿನಲ್ಲಿ ಎಷ್ಟು ಸಾಲ ಬಾಕಿ ಎಂಬುದನ್ನೂ ಓದಿಸಿ.

"ಕೇಳಿದರೆ ಅಕ್ಕನಿಗೆ ಬೇಸರ ಆಗ್ತದೆ" ಎಂಬ ಸಂಕೋಚ ಬೇಡ. ಎಲ್ಲರೂ ಕೇಳಿದ ಲೆಕ್ಕ ಪ್ರತಿನಿಧಿಯನ್ನೂ ಕಾಪಾಡುತ್ತದೆ. ನಾಳೆ ಯಾರೂ ಆಕೆಯ ಮೇಲೆ ಸುಳ್ಳು ಅಪವಾದ ಹೊರಿಸಲಾರರು. ವರ್ಷಕ್ಕೊಮ್ಮೆ ಬರುವ ಆಡಿಟರ್ ಕಾಗದ ನೋಡುತ್ತಾರೆ. ಆದರೆ ಯಾರು ಎಷ್ಟು ಕೊಟ್ಟರು ಎಂಬುದನ್ನು ಕಣ್ಣಾರೆ ಕಂಡವರು ನೀವು.

ಓದಲು ಬಾರದಿದ್ದರೂ ಕಿವಿ ಇದೆ, ಬಾಯಿ ಇದೆ. ಕೇಳಿ, ಕೇಳಿಸಿಕೊಳ್ಳಿ.