ಗೃಹಸ್ಥ ವಿದ್ಯಾರ್ಥಿ

ಶಾಲೆಯ ಅರ್ಜಿಯಲ್ಲಿ ವಿದ್ಯಾರ್ಥಿಯ ಹೆಸರಿನ ಕೆಳಗೆ ತಂದೆಯ ಹೆಸರಿಗೆ ಒಂದು ಸಾಲು ಇರುತ್ತದೆ. ಅದರ ಕೆಳಗೆ ಆತನ ಉದ್ಯೋಗ, ವಾರ್ಷಿಕ ಆದಾಯ, ಸಹಿ. ತಂದೆಯೆಂದರೆ ಶುಲ್ಕ ಕಟ್ಟುವವನು, ಜಾಮೀನು ನಿಲ್ಲುವವನು. ಆ ತಂದೆಯೇ ಮೇಲಿನ ಸಾಲಿನಲ್ಲಿ ತನ್ನ ಹೆಸರು ಬರೆಯಲು ಕುಳಿತನೆನ್ನಿ. ಬ್ರಹ್ಮಚರ್ಯದಲ್ಲಿ ಓದು, ಗಾರ್ಹಸ್ಥ್ಯದಲ್ಲಿ ಗಳಿಕೆ ಎಂಬ ಹಳೆಯ ಆಶ್ರಮಕ್ರಮವನ್ನು ನಮ್ಮ ಕಚೇರಿಗಳು ಇನ್ನೂ ಕೈಬಿಟ್ಟಿಲ್ಲವೆಂಬುದು ಆಗ ತಿಳಿಯುತ್ತದೆ.

ಕೃಷ್ಣಾ ತೀರದ ಉಗಾರ ಖುರ್ದದಲ್ಲಿ 1939ರಿಂದ ಸಕ್ಕರೆ ಕಾರ್ಖಾನೆಯಿದೆ. ಆ ಊರಿನ ಗೃಹಸ್ಥರೊಬ್ಬರು ಕೆಲವು ದಿನಗಳ ಹಿಂದೆ ನನ್ನಲ್ಲಿಗೆ ಬಂದಿದ್ದರು. ವಯಸ್ಸು ನಲವತ್ತೊಂದು. ಹತ್ತನೆಯ ತರಗತಿಯ ಗಣಿತದಲ್ಲಿ ನಪಾಸಾಗಿ ದುಡಿಮೆಗೆ ಇಳಿದವರು. ಮಗಳು ಒಂಬತ್ತನೆಯದರಲ್ಲಿದ್ದಾಳೆ. “ಸರ, ನನ್ನ ಓದಿಗೆ ರೊಕ್ಕ ಹಾಕಿದರ ಆಕೀ ಓದಿಗೆ ಕಡಿಮಿ ಬೀಳ್ತದೇನ್ರಿ?” ಎಂದು ಕೇಳಿದರು. ಕೇಳುಗ ಮಿತ್ರರೆ, ಇಂದಿನ ನನ್ನ ಮಾತೆಲ್ಲ ಈ ಪ್ರಶ್ನೆಯ ಸುತ್ತಲಿನದು.

ಮೊದಲು ದಾರಿಯ ವಿಚಾರ. ಹತ್ತನೆಯದನ್ನು ರಾಜ್ಯದ ಪರೀಕ್ಷಾ ಮಂಡಳಿಯ ಖಾಸಗಿ ಅಭ್ಯರ್ಥಿಯಾಗಿ ಬರೆಯಬಹುದು. ಇನ್ನೊಂದು ದಾರಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯದು. 1989ರಲ್ಲಿ ಮುಕ್ತ ಶಾಲೆಯಾಗಿ ಹುಟ್ಟಿದ ಈ ಸಂಸ್ಥೆಯಲ್ಲಿ ವಯಸ್ಸಿಗೆ ಮೇಲಿನ ಮಿತಿಯಿಲ್ಲ. ಒಮ್ಮೆ ಹೆಸರು ನೋಂದಾಯಿಸಿದರೆ ಐದು ವರ್ಷಗಳ ಅವಧಿ, ಅದರಲ್ಲಿ ಒಂಬತ್ತು ಸಲ ಪರೀಕ್ಷೆಗೆ ಕೂಡುವ ಅವಕಾಶ. ಐದು ವಿಷಯಗಳಲ್ಲಿ ತೇರ್ಗಡೆಯಾದರೆ ಸಾಕು. ಒಂದಾದರೂ ಭಾಷೆಯಿರಬೇಕು, ಗಣಿತ ಕಡ್ಡಾಯವಲ್ಲ. ಈ ಕೊನೆಯ ಮಾತನ್ನು ಹೇಳಿದಾಗ ನಮ್ಮ ಗೃಹಸ್ಥರ ಮುಖದ ಮೇಲೆ ಕಂಡ ನಿರಾಳವನ್ನು ನಾನು ತರಗತಿಯ ಮಕ್ಕಳಲ್ಲಿಯೂ ಅಪರೂಪವಾಗಿ ಕಂಡಿದ್ದೇನೆ! ಯಾವ ವಿಷಯ ಯಾವ ಮಾಧ್ಯಮದಲ್ಲಿ ದೊರೆಯುವುದೆಂಬುದನ್ನು ಮಾತ್ರ ನೋಂದಣಿಗೆ ಮುಂಚೆ ವಿಚಾರಿಸಿಕೊಳ್ಳತಕ್ಕದ್ದು.

ಕಾರ್ಖಾನೆಯ ಊರಿನಲ್ಲಿ ಕಾಲದ ಲೆಕ್ಕವೂ ಬೇರೆ. ಕಬ್ಬು ನುರಿಸುವ ಹಂಗಾಮು ಸುಮಾರಾಗಿ ಅಕ್ಟೋಬರ್-ನವೆಂಬರಿನಲ್ಲಿ ತೊಡಗಿ ಮಾರ್ಚಿನ ಆಚೀಚೆ ಮುಗಿಯುತ್ತದೆ. ಮಂಡಳಿಯ ಮುಖ್ಯ ಪರೀಕ್ಷೆ ಬರುವುದೂ ಅದೇ ಮಾರ್ಚ್ ಸುಮಾರಿಗೆ. ಓದಬೇಕಾದ ತಿಂಗಳುಗಳೆಲ್ಲ ರಾತ್ರಿ ಪಾಳಿಯ ತಿಂಗಳುಗಳು. ಮುಕ್ತ ಶಾಲೆಯ ಪರೀಕ್ಷೆಗಳು ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರಿನಲ್ಲಿ ಎರಡು ಸಲ ನಡೆಯುವುದರಿಂದ ಬಿಡುವಿನ ಮಳೆಗಾಲದಲ್ಲಿ ಓದಿ, ಹಂಗಾಮಿನ ಬಾಯಿಯಲ್ಲಿ ಎರಡೋ ಮೂರೋ ವಿಷಯ ಬರೆದುಬಿಡಬಹುದು.

ಹನ್ನೆರಡನೆಯದನ್ನೂ ಹೀಗೆಯೇ ಮುಗಿಸಿದವನಿಗೆ ಪದವಿಯ ಬಾಗಿಲು ತೆರೆದಿದೆ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಆರಂಭಿಸಿದ ಅಂಚೆ ತೆರಪಿನ ಶಿಕ್ಷಣವೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಅದರ ಪ್ರಾದೇಶಿಕ ಕೇಂದ್ರ ಬೆಳಗಾವಿಯಲ್ಲಿದೆ, ಉಗಾರದಿಂದ ರೈಲಿದೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಕೇಂದ್ರ ವಿಜಯಪುರದಲ್ಲಿದೆ. ಗಡಿಯ ಮರಾಠಿ ಶಾಲೆಗಳಲ್ಲಿ ಕಲಿತವರಿಗೆ ನಾಸಿಕದಲ್ಲಿ 1989ರಲ್ಲಿ ಸ್ಥಾಪನೆಯಾದ ಯಶವಂತರಾವ್ ಚವಾಣ್ ಮುಕ್ತ ವಿಶ್ವವಿದ್ಯಾಪೀಠವುಂಟು. ಸೇರುವ ಮುನ್ನ ಆ ವರ್ಷಕ್ಕೆ, ಆ ಪದವಿಗೆ ಯುಜಿಸಿಯ ಮಾನ್ಯತೆ ಇದೆಯೇ ಎಂದು ನೋಡಿಕೊಳ್ಳಬೇಕು. ಮೈಸೂರಿನ ಮುಕ್ತ ವಿಶ್ವವಿದ್ಯಾನಿಲಯಕ್ಕೇ 2013-14ರಿಂದ ಕೆಲವು ವರ್ಷ ಮಾನ್ಯತೆ ಇಲ್ಲದೆ ಹೋಗಿ 2018-19ರಿಂದ ಮರಳಿ ದೊರೆಯಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳ ಪಾಡು ಸಣ್ಣದಲ್ಲ.

ಇನ್ನು ಹಣದ ಮಾತು. ನೆರವಿನ ಯೋಜನೆಗಳು ನಮ್ಮಲ್ಲಿ ಕಡಿಮೆಯಿಲ್ಲ, ಆದರೆ ಅವುಗಳ ಹೆಸರುಗಳನ್ನು ಗಮನಿಸಿರಿ. 2021ರ ರೈತ ವಿದ್ಯಾನಿಧಿ ರೈತರ ಮಕ್ಕಳಿಗೆ. ಕಾರ್ಮಿಕ ಕಲ್ಯಾಣ ಮಂಡಳಿಯ ಪ್ರೋತ್ಸಾಹಧನ ಕಾರ್ಮಿಕರ ಮಕ್ಕಳಿಗೆ. ಭವಿಷ್ಯನಿಧಿಯ ಹಳೆಯ ನಿಯಮವಂತೂ ವಿನೋದದ್ದಾಗಿತ್ತು: ಚಂದಾದಾರನು ಸ್ವಂತ ಮದುವೆಗೆ ಮುಂಗಡ ಪಡೆಯಬಹುದಿತ್ತು, ಆದರೆ ಓದಿಗೆಂದರೆ ಮಗನದೋ ಮಗಳದೋ ಓದಾಗಿರಬೇಕಿತ್ತು. ವರನಾಗಲು ವಯಸ್ಸಿನ ಅಡ್ಡಿಯಿಲ್ಲ, ವಿದ್ಯಾರ್ಥಿಯಾಗಲು ಮಾತ್ರ ತಡವಾಯಿತೆಂದು ಆ ನಿಯಮದ ಕಲ್ಪನೆ. ಹಣ ತೆಗೆಯುವ ಈ ನಿಯಮಗಳನ್ನು ಒಗ್ಗೂಡಿಸಿ ಸರಳಗೊಳಿಸುವ ನಿರ್ಧಾರ 2025ರ ಅಕ್ಟೋಬರಿನಲ್ಲಿ ಆಯಿತು. ತನ್ನ ಸ್ವಂತ ಓದಿಗೆ ಅದರಲ್ಲಿ ಎಡೆಯಿದೆಯೇ ಎಂದು ಕಾರ್ಮಿಕನು ಕಾರ್ಖಾನೆಯ ಕಚೇರಿಯಲ್ಲಿ ಕೇಳಿಯೇ ತಿಳಿಯಬೇಕು.

ಪರಿಶಿಷ್ಟ ಜಾತಿಯವರಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವಿದೆ. ಕುಟುಂಬದ ಆದಾಯ ಎರಡೂವರೆ ಲಕ್ಷ ರೂಪಾಯಿಗಳನ್ನು ಮೀರಿರಬಾರದು. ಈ ಅರ್ಜಿಗಳು ರಾಜ್ಯದ ವಿದ್ಯಾರ್ಥಿವೇತನ ಜಾಲತಾಣದ ಮೂಲಕ ಹೋಗುತ್ತವೆ. ಅರ್ಜಿದಾರನಿಗೇ ಸಂಸಾರವಿರುವಾಗ ಯಾರ ಆದಾಯವನ್ನು ತೋರಿಸಬೇಕೆಂಬ ಪ್ರಶ್ನೆ ಮೇಜಿನ ಎರಡೂ ಬದಿಯವರನ್ನು ತಬ್ಬಿಬ್ಬುಗೊಳಿಸುತ್ತದೆ. ಉತ್ತರವನ್ನು ಸಮಾಜ ಕಲ್ಯಾಣ ಇಲಾಖೆಯಲ್ಲಿ ಪಡೆಯುವುದು ಕ್ಷೇಮ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲದ ಯೋಜನೆಯಲ್ಲಿ ವಯಸ್ಸಿನ ನಿರ್ಬಂಧವಿಲ್ಲ; ವಿವಾಹಿತನಿಗೆ ಹೆಂಡತಿಯೇ ಸಹ-ಸಾಲಗಾರಳಾಗಬಹುದು. ಆದರೂ ಮನೆಯಲ್ಲಿ ಕುಳಿತು ಓದುವ ಬಿ.ಎ. ಪದವಿಗಾಗಿ ಸಾಲ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಆ ಸಾಲದ ಅರ್ಹತೆಯನ್ನು ಮಗಳ ಕಾಲೇಜಿಗೆ ಉಳಿಸಿಕೊಳ್ಳಲಿ.

ಅವರ ಪ್ರಶ್ನೆಗೆ ನಾನು ಕೊಟ್ಟ ಉತ್ತರವೂ ಇದೇ. ಮಗಳಿಗೆ ದೊರೆಯುವ ನೆರವು ನಿಮಗೆ ದೊರೆಯದು, ಆದ್ದರಿಂದ ನಿಮ್ಮ ದಾರಿ ಅಗ್ಗದ್ದಾಗಿರಬೇಕು. ಒಂದೇ ವರ್ಷ ಎಲ್ಲ ವಿಷಯಗಳಿಗೂ ಶುಲ್ಕ ಕಟ್ಟಬೇಡಿ. ಸರ್ಕಾರಿ ನೌಕರಿಯ ಆಸೆಯಿಂದ ಹೊರಡಬೇಡಿ. ರಾಜ್ಯದ ನೇಮಕಾತಿಗೆ ಸಾಮಾನ್ಯವಾಗಿ 35, ಹಿಂದುಳಿದವರಿಗೆ 38, ಪರಿಶಿಷ್ಟರಿಗೆ 40 ವರ್ಷದ ಮಿತಿಯಿದೆ, ಆಗಾಗ ಕೊಂಚ ಸಡಿಲಿಸುವುದು ಬೇರೆ ಮಾತು. ಬಡ್ತಿಗಾಗಿ ಓದುವುದಾದರೆ ಯಾವ ಪ್ರಮಾಣಪತ್ರವನ್ನು ಒಪ್ಪುವರೆಂದು ಮೊದಲೇ ಕೇಳಿರಿ.

“ಬಡ್ತಿ ಬ್ಯಾರೆ ಮಾತ್ರಿ,” ಎಂದರು ಅವರು. “ಆಕೀ ಅರ್ಜಿಯೊಳಗ ತಂದೆಯ ವಿದ್ಯಾಭ್ಯಾಸ ಅಂತ ಕೇಳಿದ್ರು. ಆಕೀ ಒಂಬತ್ತನೇದು ಅಂತ ಬರದಳು. ನಾ ನೋಡ್ಕೋತ ಕುಂತೆ.”

ಹಳೆಯ ಶಾಲೆಯ ಎಲ್.ಸಿ. ಇದೆಯೇ ಎಂದೆ. ಇರಲಿಲ್ಲ. ಅದರಲ್ಲಿ ಹೆಸರು ಒಂದು ಬಗೆ, ಆಧಾರದಲ್ಲಿ ಇನ್ನೊಂದು ಬಗೆ ಎಂಬ ನೆನಪೂ ಅವರಿಗಿತ್ತು. ಅದನ್ನು ತಿದ್ದಿಸಲು ಓಡಾಟ ಬೇಕು. ಹಂಗಾಮು ತೊಡಗುವ ಮುಂಚೆ ಆ ಕೆಲಸ ಮುಗಿಯಲೆಂದು ಶಾಲೆಯ ಹೆಸರು, ಬಿಟ್ಟ ವರ್ಷ ಎರಡನ್ನೂ ಒಂದು ಚೀಟಿಯಲ್ಲಿ ಬರೆದುಕೊಟ್ಟೆ.