ಶೀಗಿ ಹುಣ್ಣಿಮೆಯ ಹೂರಣ, ಕುರ್ಲಾದ ಅಡುಗೆಮನೆಯಲ್ಲಿ

2024ರ ಶೀಗಿ ಹುಣ್ಣಿಮೆಗೆ ನಾನು ಮಾಡಿದ ಕಡುಬನ್ನು ಅಪ್ಪ ಒಂದು ತುಣುಕು ತಿಂದು ತಾಟಿನ ಅಂಚಿಗೆ ಸರಿಸಿದರು. ಬೈಯಲಿಲ್ಲ. ನೀರು ಕುಡಿದು, "ತಮ್ಮಾ, ಇದು ಚರಗಾ ಚೆಲ್ಲಾಕೂ ಬರಂಗಿಲ್ಲ" ಅಂದು ಎದ್ದು ಕಿಟಕಿ ಹತ್ತಿರ ಹೋಗಿ ಕುಳಿತರು.

ತಪ್ಪು ನನ್ನದೇ. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆಗೆ ಹನ್ನೊಂದು. ಅವ್ವ ತೀರಿಕೊಂಡ ಮೇಲೆ ನರಗುಂದದ ಹತ್ತಿರದ ನಮ್ಮ ಹಳ್ಳಿಯ ಮನೆಗೆ ಬೀಗ ಹಾಕಿ, ನಾಲ್ಕು ಎಕರೆ ಎರೆಹೊಲವನ್ನು ಲಾವಣಿಗೆ ಕೊಟ್ಟು, ಕುರ್ಲಾ ಪೂರ್ವದ ನಮ್ಮ ಎರಡು ಕೋಣೆಯ ಮನೆಗೆ ಬಂದಿದ್ದರು. ಆ ಹೊತ್ತಿಗೆ ಅವರ ಮೂರು ತಿಂಗಳ ಸಕ್ಕರೆಯ ವರದಿ 9.1 ಬಂದಿತ್ತು. ನಾನು ಹೆದರಿ, ಬೆಲ್ಲದ ಬದಲು ಡಬ್ಬಿಯಲ್ಲಿ ಸಿಗುವ ಸಿಹಿ ಪುಡಿ ಹಾಕಿ ಹೂರಣ ಮಾಡಿದ್ದೆ. ಸಾಫ್ಟ್‌ವೇರಿನವನ ಬುದ್ಧಿ ನೋಡಿ, ಒಂದು ಭಾಗ ತೆಗೆದು ಇನ್ನೊಂದನ್ನು ಕೂರಿಸಿದರೆ ಉಳಿದದ್ದು ಹಾಗೇ ನಡೆಯುತ್ತದೆ ಅಂದುಕೊಂಡಿದ್ದೆ. ನಡೆಯಲಿಲ್ಲ. ಬೆಲ್ಲ ಸಿಹಿಯನ್ನಷ್ಟೇ ಕೊಡುವುದಿಲ್ಲ, ಕರಗಿ ಬೇಳೆಯ ಜೊತೆ ಗಟ್ಟಿಯಾಗಿ ಹೂರಣವನ್ನು ಹಿಡಿದು ನಿಲ್ಲಿಸುವುದೂ ಅದೇ. ನನ್ನ ಹೂರಣ ಪುಡಿಪುಡಿಯಾಗಿ ಉದುರಿತು, ನಾಲಿಗೆಯ ಮೇಲೆ ಕಹಿ ಉಳಿಯಿತು.

ಮುಂಬಯಿ ಕನ್ನಡಿಗರಲ್ಲಿ ಹೆಚ್ಚಿನವರು ಕರಾವಳಿಯವರು. ಕುರ್ಲಾ ಅಂದರೆ ಅವರಿಗೆ ಬಂಟರ ಭವನ, ಮತ್ಸ್ಯಗಂಧ ಎಕ್ಸ್‌ಪ್ರೆಸ್ ಹೊರಡುವ ತಿಲಕ್ ಟರ್ಮಿನಸ್. ನನ್ನ ಹೆಂಡತಿಯೂ ಉಡುಪಿ ಕಡೆಯವಳು. ಅವಳಿಗೆ ಕಡುಬು ಅಂದರೆ ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಉದ್ದಿನ ಕಡುಬು, ಅದರೊಳಗೆ ಹೂರಣವೇನೂ ಇರುವುದಿಲ್ಲ. ಹಾಗಾಗಿ ಶೀಗಿ ಹುಣ್ಣಿಮೆ ಏನೆಂದು ಎರಡು ಮಾತು ಹೇಳಬೇಕು.

ಆಶ್ವಯುಜ ಮಾಸದ ಹುಣ್ಣಿಮೆ ಅದು. ದಸರಾ ಮುಗಿದು ಐದಾರು ದಿನಕ್ಕೆ ಬರುತ್ತದೆ. ಮಲೆನಾಡಿನಲ್ಲಿ ಅದನ್ನೇ ಭೂಮಿ ಹುಣ್ಣಿಮೆ ಅನ್ನುತ್ತಾರೆ. ಮುಂಗಾರಿನ ಬೆಳೆ ತೆನೆಗಟ್ಟಿ ನಿಂತಿರುವ ಹೊತ್ತು. ಭೂಮಿತಾಯಿ ಬಸುರಿ, ಅವಳಿಗೆ ಬಯಕೆಯ ಊಟ ಬಡಿಸಬೇಕು ಎಂಬುದು ನಂಬಿಕೆ. ನಮ್ಮ ಕಡೆ ಹಿಂದಿನ ರಾತ್ರಿಯಿಂದಲೇ ಅಡುಗೆ. ಹೂರಣದ ಕಡುಬು, ಶೇಂಗಾ ಹೋಳಿಗೆ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಲೆ, ಅಗಸಿ ಹಿಂಡಿ, ಮೊಸರನ್ನ. ಚಕ್ಕಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲಿಟ್ಟು ಪಾಂಡವರೆಂದು ಪೂಜೆ ಮಾಡಿ, ಎಲ್ಲ ಅಡುಗೆಯನ್ನೂ ಸ್ವಲ್ಪಸ್ವಲ್ಪ ಕಲಸಿ ಹೊಲದ ತುಂಬ ಎರಚುವುದೇ ಚರಗ. ಒಬ್ಬರು ಕೂಗುತ್ತ ಎರಚಿದರೆ ಹಿಂದೆ ಇನ್ನೊಬ್ಬರು ನೀರು ಚಿಮುಕಿಸುತ್ತ ಬರುತ್ತಾರೆ. ಆಮೇಲೆ ನಮ್ಮ ಊಟ. ನೆಲಕ್ಕೆ ಬಡಿಸಲು ಯೋಗ್ಯವಲ್ಲದ್ದು ಮನುಷ್ಯರಿಗೂ ಅಲ್ಲ ಅನ್ನುವುದು ಅಪ್ಪನ ಮಾತಿನ ಅರ್ಥವಾಗಿತ್ತು.

ಅದು ನನ್ನೊಳಗೆ ವರ್ಷವಿಡೀ ಇತ್ತು. ಅಪ್ಪ ನಿಧಾನವಾಗಿ ಊಟ ಕಡಿಮೆ ಮಾಡುತ್ತಿದ್ದರು. ಓಟ್ಸ್, ಸೌತೆಕಾಯಿ, ಸಪ್ಪೆ ಪಲ್ಲೆ ಎಂದು ನಾವು ಬಡಿಸಿದ್ದನ್ನು ಮಾತಾಡದೆ ತಿಂದು ಏಳುತ್ತಿದ್ದರು. ಒಮ್ಮೆ ಔಷಧದ ಡಬ್ಬಿ ನೋಡಿದರೆ ನಾಲ್ಕು ದಿನದ ಗುಳಿಗೆ ಹಾಗೇ ಇತ್ತು. ಕೇಳಿದರೆ, "ತಿಂದು ಏನ್ ಮಾಡೋದೈತಿ?" ಅಂದರು. ಇದು ಸಕ್ಕರೆಯ ಸಮಸ್ಯೆ ಮಾತ್ರ ಅಲ್ಲ ಎಂದು ಆವತ್ತು ಗೊತ್ತಾಯಿತು.

2025ರಲ್ಲಿ ಹುಣ್ಣಿಮೆ ಅಕ್ಟೋಬರ್ 6ರ ಸೋಮವಾರ ಮಧ್ಯಾಹ್ನದಿಂದ ಇತ್ತು. ಎರಡು ವಾರ ಮೊದಲೇ ಹುಬ್ಬಳ್ಳಿಯ ಅಕ್ಕನಿಗೆ ಫೋನ್ ಮಾಡಿದೆ. ಅವಳು ಹೇಳಿದ್ದು ಇಷ್ಟೆ: "ಬೆಲ್ಲಕ್ಕ ಬದಲಿ ಹುಡುಕಬ್ಯಾಡೋ ತಮ್ಮಾ. ಬೆಲ್ಲಾನ ಹಾಕು, ಅಳತಿ ಇಳಿಸು. ಮತ್ತ ಕಡುಬು ಸಣ್ಣದು ಮಾಡು." ಅಪ್ಪನ ವೈದ್ಯರನ್ನೂ ಕೇಳಿದೆ. ಹಬ್ಬದ ದಿನ ಅಳತೆಯಲ್ಲಿ ತಿನ್ನಲಿ, ಮೊದಲು ಪಲ್ಯ, ಕಾಳು, ರೊಟ್ಟಿ ತಿಂದು ಕೊನೆಗೆ ಸಿಹಿ ತಿನ್ನಲಿ, ಗುಳಿಗೆ ತಪ್ಪಿಸದಿರಲಿ ಅಂದರು.

ಬೆಲ್ಲ ಸಕ್ಕರೆಗಿಂತ ಒಳ್ಳೆಯದು ಎಂಬ ಮಾತಿದೆಯಲ್ಲ, ಅದನ್ನು ನಂಬಿ ಯಾರೂ ಕೆಡಬೇಡಿ. ಒಂದಿಷ್ಟು ಖನಿಜ ಹೆಚ್ಚಿರಬಹುದು, ಆದರೆ ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ರಕ್ತಕ್ಕೆ ಸೇರುವುದೂ ಹಾಗೆಯೇ. ಹೂರಣದಲ್ಲಿ ನಮ್ಮನ್ನು ಕಾಯುವುದು ಕಡಲೆಬೇಳೆ. ಅದರಲ್ಲಿ ನಾರು, ಪ್ರೋಟೀನು ಎರಡೂ ಇರುವುದರಿಂದ ಸಕ್ಕರೆ ನಿಧಾನವಾಗಿ ಏರುತ್ತದೆ. ಹಾಗಾಗಿ ಲೆಕ್ಕ ಸರಳ. ಬೇಳೆ ಹೆಚ್ಚಬೇಕು, ಬೆಲ್ಲ ಇಳಿಯಬೇಕು, ಮೈದಾ ಹೋಗಬೇಕು, ಕರಿಯುವ ಬದಲು ಹಬೆಯಲ್ಲಿ ಬೇಯಬೇಕು.

ಅವ್ವನ ಅಳತೆ ಬೇಳೆಯಷ್ಟೇ ಬೆಲ್ಲ. ನಾನು 200 ಗ್ರಾಂ ಬೇಳೆಗೆ 100 ಗ್ರಾಂ ಬೆಲ್ಲ ತೆಗೆದುಕೊಂಡೆ. ಇದರಲ್ಲಿ ಇಪ್ಪತ್ತು ಸಣ್ಣ ಕಡುಬು ಆಗುತ್ತವೆ, ಅಂದರೆ ಒಂದರಲ್ಲಿ 5 ಗ್ರಾಂ, ಒಂದು ಚಹಾ ಚಮಚೆಯಷ್ಟು ಬೆಲ್ಲ. ಬೇಳೆ ಒಂದು ತಾಸು ನೆನೆಸಿ, ಚಿಟಿಕೆ ಅರಿಶಿನ, ಎರಡು ಹನಿ ಎಣ್ಣೆ ಹಾಕಿ ಬೇಯಿಸಿದೆ. ಬೆರಳಲ್ಲಿ ಒತ್ತಿದರೆ ನುಣ್ಣಗಾಗಬೇಕು, ಆದರೆ ಪಾತ್ರೆಯಲ್ಲಿ ಕರಗಿ ಹೋಗಿರಬಾರದು. ಕಟ್ಟನ್ನು ಪೂರ್ತಿ ಬಸಿದು ತೆಗೆದಿಟ್ಟೆ. ಅದರಲ್ಲೇ ಕಟ್ಟಿನ ಸಾರು. ಬೇಳೆಗೆ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕೈಯಾಡಿಸಿದೆ. ಸೌಟು ನೆಟ್ಟರೆ ಬೀಳದೆ ನಿಲ್ಲಬೇಕು, ಅಲ್ಲಿಗೆ ಹೂರಣ ಆಯಿತು. ಬೆಲ್ಲ ಕಡಿಮೆಯಾದ್ದರಿಂದ ಸ್ವಲ್ಪ ಒಣಗಿದಂತೆ ಕಾಣುತ್ತದೆ. ಅದಕ್ಕೂ ಅಕ್ಕ ದಾರಿ ಹೇಳಿದ್ದಳು. ಹುರಿದ ಎಳ್ಳಿನ ಪುಡಿ ಎರಡು ಚಮಚೆ ಹಾಕಿದರೆ ಜಿಡ್ಡು ಬಂದು ಕೂಡಿಕೊಳ್ಳುತ್ತದೆ. ಏಲಕ್ಕಿ, ಒಣಶುಂಠಿ, ಜಾಜಿಕಾಯಿ, ಹರಳು ಉಪ್ಪು. ಉಪ್ಪು ಬಿದ್ದರೆ ಇರುವಷ್ಟೇ ಸಿಹಿ ಎದ್ದು ಬರುತ್ತದೆ.

ಇನ್ನು ರುಬ್ಬುವುದು. ಊರಲ್ಲಿ ಒರಳಿತ್ತು. ಇಲ್ಲಿ ಮಿಕ್ಸಿಗೆ ಹಾಕಿದರೆ ಹೂರಣ ಅಂಟಂಟಾಗುತ್ತದೆ. ಎದುರು ಮನೆಯ ಮರಾಠಿ ಕಾಕು ತಮ್ಮ ಪುರಣ ಯಂತ್ರ ಕೊಟ್ಟರು. ಬುಡದಲ್ಲಿ ಜರಡಿ, ಮೇಲೆ ಹಿಡಿಕೆ, ಬಿಸಿಯಿರುವಾಗಲೇ ತಿರುಗಿಸಬೇಕು, ಆರಿದರೆ ತಿರುಗುವುದಿಲ್ಲ. ನಮ್ಮ ಹೂರಣವೂ ಅವರ ಪುರಣವೂ ಒಂದೇ ಮಾತು, ತುಂಬುವುದು ಎಂದರ್ಥ. ನಮ್ಮ ಕಟ್ಟಿನ ಸಾರು ಅವರಲ್ಲಿ ಕಟಾಚಿ ಆಮಟಿ. ಹೂರಣವನ್ನು ಗೋಧಿ ಹಿಟ್ಟಿನ ತೆಳು ಹಾಳೆಯಲ್ಲಿಟ್ಟು ಮಡಚಿ, ಅಂಚು ಒತ್ತಿ, ಹನ್ನೆರಡು ನಿಮಿಷ ಹಬೆಯಲ್ಲಿ ಬೇಯಿಸಿದೆ. ಮೇಲೆ ಅರ್ಧ ಚಮಚೆ ತುಪ್ಪ. ತುಪ್ಪಕ್ಕೆ ಬದಲಿ ಹುಡುಕುವ ಧೈರ್ಯ ನನಗಿರಲಿಲ್ಲ.

ಎಣ್ಣೆಗಾಯಿಯ ಹೂರಣಕ್ಕೂ ಅಷ್ಟೇ ಮರ್ಯಾದೆ ಸಲ್ಲಬೇಕು. ಹತ್ತು ಎಳೆ ಬದನೆಕಾಯಿಗೆ ಅರ್ಧ ಬಟ್ಟಲು ಶೇಂಗಾ, ಎರಡೆರಡು ಚಮಚೆ ಗುರೆಳ್ಳು, ಎಳ್ಳು, ಒಣಕೊಬ್ಬರಿ. ಎಲ್ಲವನ್ನೂ ಬೇರೆಬೇರೆ ಹುರಿಯಬೇಕು, ಒಟ್ಟಿಗೆ ಹುರಿದರೆ ಶೇಂಗಾ ಹಸಿಯಿರುವಾಗಲೇ ಗುರೆಳ್ಳು ಸೀದು ಕಹಿಯಾಗುತ್ತದೆ. ಗುರೆಳ್ಳು ಎಂದು ಕೇಳಿದರೆ ನೆಹರೂ ನಗರದ ಅಂಗಡಿಯವನು ಕರಿ ಎಳ್ಳು ತೋರಿಸಿದ. "ಕಾರಳೆ ಅಂತ ಕೇಳು" ಎಂದು ಕಾಕು ಹೇಳಿಕೊಟ್ಟ ಮೇಲೆ ಸಿಕ್ಕಿತು. ಪುಂಡಿ ಬೇಕಾದರೆ ಇಲ್ಲಿ ಅಂಬಾಡಿ ಅನ್ನಬೇಕು. ಹುರಿದದ್ದನ್ನು ತರಿಯಾಗಿ ಕುಟ್ಟಿ, ಹೆಚ್ಚಿದ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಮಸಾಲಿ ಖಾರ, ಹುಣಸೆರಸ, ಉಪ್ಪು, ಸುಪಾರಿಯಷ್ಟು ಬೆಲ್ಲ ಸೇರಿಸಿ, ನಾಲ್ಕು ಸೀಳು ಹಾಕಿದ ಬದನೆಗೆ ತುಂಬಿದೆ. ಅವ್ವ ಎಣ್ಣೆ ತೇಲುವಷ್ಟು ಹಾಕುತ್ತಿದ್ದಳು. ನಾನು ಮೂರು ಚಮಚೆಯಲ್ಲಿ ಮುಚ್ಚಿ ಬೇಯಿಸಿದೆ. ಶೇಂಗಾ, ಗುರೆಳ್ಳು ತಾವೇ ಎಣ್ಣೆ ಬಿಡುತ್ತವೆ, ಹೆಚ್ಚಿಗೆ ಬೇಕಾಗುವುದಿಲ್ಲ.

ಅರ್ಧ ದಿನ ರಜೆ ಹಾಕಿದ್ದೆ. ಅಡುಗೆಮನೆಯ ಬಾಗಿಲಿಗೆ ಕುರ್ಚಿ ಎಳೆದುಕೊಂಡು ಅಪ್ಪ ಕುಳಿತಿದ್ದರು. ಹೂರಣ ಹದಕ್ಕೆ ಬರುವ ಹೊತ್ತಿಗೆ, "ಇನ್ನೊಂದೀಟು ತಿರುವು" ಅಂದರು. ತಿಂಗಳುಗಳ ನಂತರ ಅಡುಗೆಯ ಬಗ್ಗೆ ಅವರಾಡಿದ ಮೊದಲ ಮಾತು ಅದು.

ಚರಗ ಎಲ್ಲಿ ಚೆಲ್ಲುವುದು? ಅಪ್ಪನಿಗೆ ಒಂದು ಜಾಗ ಹೊಳೆದಿತ್ತು. ಮುಂಬಯಿ ಲೋಕಲ್‌ನಲ್ಲಿ ಓಡಾಡುವವರು ಹಳಿಗಳ ಪಕ್ಕದ ಪಟ್ಟಿಯಲ್ಲಿ ಪಾಲಕ, ಮೂಲಂಗಿ ಮಡಿಗಳನ್ನು ನೋಡಿರುತ್ತೀರಿ. ರೈಲ್ವೆಯ ಹೆಚ್ಚು ಆಹಾರ ಬೆಳೆಯುವ ಯೋಜನೆಯಲ್ಲಿ ಬಂದ ಮಡಿಗಳವು. ಕಿಟಕಿಯಿಂದ ಅದನ್ನು ಕಂಡಾಗೆಲ್ಲ ಅಪ್ಪ, "ಇಲ್ಲೂ ಹೊಲ ಐತಲ್ಲೋ" ಅನ್ನುತ್ತಿದ್ದರು. ಅಲ್ಲಿಗೇ ಹೋಗೋಣ ಅಂದರು. ಹಳಿ ದಾಟುವುದು ಅಪರಾಧ ಅಪ್ಪಾ, ಜೀವಕ್ಕೂ ಅಪಾಯ ಎಂದು ನಾನು ತಡೆದೆ. ಕೊನೆಗೆ ಕಿಟಕಿಯ ಜಾಲರಿಯಲ್ಲಿ ಅವರೇ ಮೆಂತ್ಯ ಹಾಕಿದ್ದ ಥರ್ಮೋಕೋಲ್ ಡಬ್ಬಿಯೇ ಹೊಲವಾಯಿತು. ಒಂಬತ್ತು ವರ್ಷದ ಮಗಳು ಸೊಸೈಟಿಯ ತೋಟದಿಂದ ಐದು ಕಲ್ಲು ಆರಿಸಿ ತಂದಳು. ಅಪ್ಪ ಕಡುಬು, ಎಣ್ಣೆಗಾಯಿ, ಮೊಸರನ್ನ ಕಲಸಿ ಚಿಟಿಕೆಯಷ್ಟನ್ನು ಮಣ್ಣಿಗೆ ಹಾಕಿ, ಉಳಿದದ್ದನ್ನು ಹಕ್ಕಿಗಳಿಗೆ ಇಟ್ಟರು. ಊರಿನ ಕೂಗನ್ನು ಮೆಲ್ಲಗೆ ಕೂಗಿದರು. ಅಜ್ಜನ ಹಿಂದೆ ಲೋಟ ಹಿಡಿದು ನೀರು ಚಿಮುಕಿಸಿದವಳು ಮಗಳು.

ಊಟದಲ್ಲಿ ಮೊದಲು ಪುಂಡಿಪಲ್ಲೆ, ಎಣ್ಣೆಗಾಯಿ, ಸಜ್ಜಿ ರೊಟ್ಟಿ, ಕೊನೆಗೆ ಕಡುಬು. ಅಪ್ಪ ಒಂದನ್ನು ಪೂರ್ತಿ ತಿಂದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. "ಸಿಹಿ ಕಡಿಮಿ ಐತಿ. ಆದ್ರ ಇದು ಕಡುಬು" ಅಂದರು. ಇನ್ನೊಂದು ಕೇಳಿದಾಗ ನಾನು ತಡವರಿಸಿದೆ. ಅವರೇ ಅದನ್ನು ಮುರಿದು ಅರ್ಧ ಮೊಮ್ಮಗಳ ತಾಟಿಗೆ ಹಾಕಿದರು. ಎರಡು ತಾಸಿನ ನಂತರ ನೋಡಿದರೆ ಸಕ್ಕರೆ 174, ವೈದ್ಯರು ಹೇಳಿದ 180ರ ಒಳಗೇ ಇತ್ತು. ಇದು ಅಪ್ಪನೊಬ್ಬರ ಲೆಕ್ಕ. ನಿಮ್ಮ ಮನೆಯವರ ಲೆಕ್ಕವನ್ನು ನಿಮ್ಮ ವೈದ್ಯರನ್ನೇ ಕೇಳಿ, ಇನ್ಸುಲಿನ್ ತೆಗೆದುಕೊಳ್ಳುವವರಂತೂ ಕೇಳಲೇಬೇಕು.

ಸಂಜೆ ಸೊಸೈಟಿಯ ಟೆರೇಸಿನಲ್ಲಿ ಕೋಜಾಗಿರಿ. ಅದೇ ಹುಣ್ಣಿಮೆಗೆ ಮರಾಠಿಗರು ಬೆಳದಿಂಗಳಲ್ಲಿ ಕೇಸರಿ ಹಾಕಿದ ಮಸಾಲೆ ಹಾಲು ಕುಡಿಯುತ್ತಾರೆ. ಉಳಿದ ಕಡುಬುಗಳನ್ನು ಅಲ್ಲಿಗೆ ಒಯ್ದೆವು. ಕಾಕು ಅಪ್ಪನಿಗೆಂದು ಸಕ್ಕರೆ ಹಾಕದ ಹಾಲು ಬೇರೆ ತೆಗೆದಿಟ್ಟಿದ್ದರು. ಅಪ್ಪನಿಗೆ ಮರಾಠಿ ಬರುವುದಿಲ್ಲ, ಕಾಕುಗೆ ಕನ್ನಡ ಬರುವುದಿಲ್ಲ. ಆದರೂ ಬದನೆಕಾಯಿಗೆ ಬೆಲ್ಲ ಎಷ್ಟು ಹಾಕಬೇಕೆಂದು ಇಬ್ಬರೂ ಕೈ ಸನ್ನೆಯಲ್ಲೇ ವಾದ ಮಾಡಿದರು.

ಕೆಳಗೆ ಬಂದ ಮೇಲೆ ಅಪ್ಪ ಹೊಲ ಲಾವಣಿಗೆ ಹಿಡಿದವನಿಗೆ ಫೋನ್ ಮಾಡಿದರು. "ಚರಗಾ ಆತೇನು?" ನಾಳೆ ಮುಂಜಾನೆ ಹೋಗ್ತೀವ್ರಿ, ನಿಮ್ಮ ಹೆಸರಿಲೆನೂ ಒಂದು ಹಿಡಿ ಚೆಲ್ತೀವ್ರಿ ಯಜಮಾನ್ರ ಎಂದನಂತೆ ಅವನು. ಕಡಲೆ ಬಿತ್ತುವುದರ ಬಗ್ಗೆ ಇಬ್ಬರೂ ಬಹಳ ಹೊತ್ತು ಮಾತಾಡಿದರು. ನಮ್ಮ ಎರೆಭೂಮಿಯಲ್ಲಿ ಹಿಂಗಾರಿ ಕಡಲೆ ಬಿತ್ತುವುದು ಈ ದಿನಗಳಲ್ಲೇ. ಹಬ್ಬದ ದಿನ ನಾವು ತಿಂದ ಬೇಳೆಯೂ ಹಿಂದಿನ ಬೆಳೆಯದು, ಅಪ್ಪ ಬರುವಾಗ ಚೀಲದಲ್ಲಿ ತಂದದ್ದು.

ಆಮೇಲೆ ಗುಳಿಗೆ ತಪ್ಪಿಲ್ಲ. ಮೂರು ತಿಂಗಳ ಸಕ್ಕರೆಯ ವರದಿ ಈಗ 7.6ಕ್ಕೆ ಇಳಿದಿದೆ. ಅದನ್ನು ಕಡುಬಿನ ಖಾತೆಗೆ ಬರೆಯುವಷ್ಟು ದಡ್ಡ ನಾನಲ್ಲ, ಗುಳಿಗೆ ಮತ್ತು ನಡಿಗೆ ಮಾಡಿದ ಕೆಲಸ ಅದು. ಆದರೆ ಗುಳಿಗೆ ನುಂಗಲು ಅಪ್ಪನಿಗೆ ಮನಸ್ಸು ಬಂದದ್ದು ಯಾವಾಗಿನಿಂದ ಎಂದು ಕೇಳಿದರೆ, ನಾನು ಆ ಸೋಮವಾರವನ್ನೇ ತೋರಿಸುತ್ತೇನೆ. ಬೇಳೆಯ ಚೀಲ ತಳ ಕಂಡಿದೆ. ಹೊಸ ಕಡಲೆ ಬಂದಾಗ ಹತ್ತು ಕಿಲೋ ಒಡೆಸಿ ಕಳಿಸಲು ಊರಿಗೆ ಹೇಳಿದ್ದೇವೆ. ಮುಂದಿನ ಶೀಗಿ ಹುಣ್ಣಿಮೆಗೆ ಹೂರಣ ತಾವೇ ತಿರುವುತ್ತೇನೆ ಎಂದು ಅಪ್ಪ ಈಗಲೇ ಹೇಳಿಟ್ಟಿದ್ದಾರೆ.